ಮಗಳಿಗೊಂದು ಪತ್ರ: ಎರಡು ಬಾಟ್ಲಿ ನೀರು

ಪ್ರೀತಿಯ ಪುಟ್ಟಿ,

ಊರಿಗೆ ಬಂದು ಹದಿನೈದು ದಿನ ಆಯಿತು. ನನ್ನ ನಿದ್ದೆ ದಾರಿಗೆ ಬಂದಿದೆ. ನಿನ್ನಪ್ಪ ಮಾತ್ರ ಇನ್ನೂ ರಾತ್ರಿ ಎರಡಕ್ಕೆ ಎದ್ದು ಕೂತು ಕಾಫಿ ಕೇಳುತ್ತಾರೆ. ಫೋನಲ್ಲಿ ಹೇಳೋಣ ಅಂದರೆ ನಿನಗೆ ಲ್ಯಾಬು, ನನಗೆ ಕುಕ್ಕರ್ ಸೀಟಿ. ಅದಕ್ಕೇ ಬರೆಯುತ್ತಿದ್ದೇನೆ.

ಅಮೆರಿಕದಲ್ಲಿ ನಿನ್ನ ಹತ್ತಿರ ಇದ್ದಾಗ, ಆ ಭಾನುವಾರ ನಿನ್ನ ಕಾರ್ಬನ್‌ಡೇಲ್‌ನಿಂದ ಒಂದು ಗಂಟೆ ಕಾರು ಓಡಿಸಿ ಕೇರೋ ಅನ್ನುವ ಊರಿಗೆ ಕರೆದುಕೊಂಡು ಹೋಗಿದ್ದೆಯಲ್ಲ, ಅದರ ವಿಷಯ. ಇಳಿದು ಹತ್ತು ನಿಮಿಷಕ್ಕೇ "ಇಲ್ಲೇನೂ ಇಲ್ಲಮ್ಮ, ನಡಿ ಹೋಗೋಣ" ಅಂದೆ. ಬೀದಿ ನೋಡಿದರೆ ನೀನು ಹೇಳಿದ್ದು ಸುಳ್ಳೂ ಅಲ್ಲ. ಆದರೂ ಆ ಮಾತು ನನ್ನ ತಲೆಯಲ್ಲೇ ಕೂತಿದೆ. ಮೂವತ್ತು ವರ್ಷ ಹೈಸ್ಕೂಲಲ್ಲಿ ಸಮಾಜ ಪಾಠ ಮಾಡಿದವಳು ನಾನು. ಸುಮ್ನೆ ಇರೋಕಾಗಲಿಲ್ಲ, ಕೂತು ಓದಿದೆ.

ಮೊದಲು ಹೆಸರು. ಮ್ಯಾಪ್ ನೋಡಿ ನಾನು "ಕೈರೋ, ಕೈರೋ" ಅನ್ನುತ್ತಿದ್ದೆ. ಪೆಟ್ರೋಲ್ ಬಂಕಿನ ಹೆಂಗಸು ನಕ್ಕು "ಕೇರೋ" ಅಂತ ತಿದ್ದಿದಳು. ಸ್ಪೆಲ್ಲಿಂಗ್ ಮಾತ್ರ ಈಜಿಪ್ಟಿನದೇ. 1818ರಲ್ಲಿ ಜಾನ್ ಕೊಮೆಗಿಸ್ ಎಂಬ ವ್ಯಾಪಾರಿ ಅಲ್ಲೊಂದು ಪಟ್ಟಣ ಕಟ್ಟಲು ಹೊರಟ. ಎರಡು ದೊಡ್ಡ ನದಿಗಳ ನಡುವಿನ ಜಾಗ ಅವನಿಗೆ ನೈಲ್ ನದಿಯನ್ನು ನೆನಪಿಸಿತಂತೆ. ಎರಡು ವರ್ಷಕ್ಕೆ ಅವನು ತೀರಿಕೊಂಡ, ಪಟ್ಟಣ ಕಾಗದದ ಮೇಲೇ ಉಳಿಯಿತು. ಇಲಿನಾಯ್‌ನ ಆ ದಕ್ಷಿಣದ ತುದಿಗೆ ಈಗಲೂ 'ಪುಟ್ಟ ಈಜಿಪ್ಟ್' ಅನ್ನುತ್ತಾರೆ. ನಿನ್ನ ಯೂನಿವರ್ಸಿಟಿ ಟೀ ಶರ್ಟಿನ ಮೇಲೆ ಸಣಕಲು ನಾಯಿ ಇದೆಯಲ್ಲ, ಸಲೂಕಿ, ಅದು ಈಜಿಪ್ಟಿನ ಹಳೇ ಬೇಟೆನಾಯಿ ಜಾತಿ. ಎರಡು ವರ್ಷದಿಂದ ಅದನ್ನು ಹಾಕಿಕೊಂಡು ತಿರುಗುತ್ತಿದ್ದೀಯ, ಯಾಕೆ ಅಂತ ಕೇಳಿದರೆ "ಏನೋಪ್ಪ" ಅಂದಿದ್ದೆ!

ಸಂಗಮದ ಹತ್ತಿರ ನಿಂತಾಗ ನನಗೆ ನಮ್ಮ ಕೂಡಲಿಯೇ ನೆನಪಾಯಿತು. ಇಲ್ಲಿ ತುಂಗೆ, ಭದ್ರೆ. ಅಲ್ಲಿ ಓಹಾಯೋ, ಮಿಸಿಸಿಪ್ಪಿ. ಒಂದು ಕಡೆಯ ನೀರು ಹಸಿರು ಮಿಶ್ರಿತ ಬೂದು, ಇನ್ನೊಂದು ಕಡೆಯದು ಹಾಲು ಕಡಿಮೆ ಹಾಕಿದ ಚಹಾದ ಬಣ್ಣ. ನಡುವೆ ಗೆರೆ ಎಳೆದ ಹಾಗೆ ಸ್ವಲ್ಪ ದೂರ ಜೊತೆಜೊತೆಗೇ ಹೋಗುತ್ತಿದ್ದವು. ಅಲ್ಲಿ ಸೇರುವಾಗ ನೀರು ಜಾಸ್ತಿ ತರುವುದು ಓಹಾಯೋ, ಹೆಸರು ಮಾತ್ರ ಮಿಸಿಸಿಪ್ಪಿಯದೇ ಉಳಿಯಿತು. ನಮ್ಮವರೇ ವಾಸಿ, ಎರಡನ್ನೂ ಸೇರಿಸಿ ತುಂಗಭದ್ರಾ ಅಂದುಬಿಟ್ಟರು.

ಇಲಿನಾಯ್ ರಾಜ್ಯದಲ್ಲೇ ಅತಿ ತಗ್ಗಿನ ನೆಲ ಅದು. ಎರಡು ಕಡೆ ನದಿ, ಸುತ್ತ ಕೆರೆ ಏರಿಯ ಹಾಗೆ ಮಣ್ಣಿನ ಏರಿ, ಓಹಾಯೋ ಕಡೆ ಕಾಂಕ್ರೀಟ್ ಗೋಡೆ. ಬಟ್ಟಲಿನೊಳಗೆ ಊರು ಕೂತಿದೆ ಅಂದುಕೋ. 1842ರಲ್ಲಿ ಇಂಗ್ಲೆಂಡಿನಿಂದ ಚಾರ್ಲ್ಸ್ ಡಿಕನ್ಸ್ ಬಂದು ನೋಡಿ, ಜೌಗು, ಜ್ವರ, ಸಾವು ಅಂತ ಬಾಯಿಗೆ ಬಂದ ಹಾಗೆ ಬರೆದ. ಆದರೆ ಆಮೇಲೆ ರೈಲು ಬಂತು. 1861ರಲ್ಲಿ ಗುಲಾಮಗಿರಿಯ ವಿಷಯಕ್ಕೆ ಉತ್ತರ, ದಕ್ಷಿಣದ ರಾಜ್ಯಗಳ ನಡುವೆ ಅಂತರ್ಯುದ್ಧ ಶುರುವಾದಾಗ ಉತ್ತರದ ಜನರಲ್ ಗ್ರಾಂಟ್ ಅಲ್ಲೇ ಠಾಣ್ಯ ಹೂಡಿದ. ಉತ್ತರದ ಸೈನ್ಯ ದಕ್ಷಿಣಕ್ಕೆ ಇಳಿದಿದ್ದು ಆ ನದಿಗಳ ಮೇಲೆಯೇ. ದಕ್ಷಿಣದ ತೋಟಗಳಿಂದ ತಪ್ಪಿಸಿಕೊಂಡು ಬಂದ ಗುಲಾಮರು ಸಾವಿರಗಟ್ಟಲೆ ಅಲ್ಲಿ ಬಿಡಾರ ಹೂಡಿದರು. ಇಂದು ಅಲ್ಲಿ ಕಪ್ಪುಜನರೇ ಹೆಚ್ಚು. ನಾವು ಹೊರಗಿಂದ ನೋಡಿದ ಮ್ಯಾಗ್ನೋಲಿಯಾ ಮ್ಯಾನರ್, ಆ ಕೆಂಪು ಇಟ್ಟಿಗೆ ಬಂಗಲೆ, ಸೈನ್ಯಕ್ಕೆ ಗಟ್ಟಿ ಬಿಸ್ಕತ್ತು ಮಾರಿ ಶ್ರೀಮಂತನಾದ ಹಿಟ್ಟಿನ ವ್ಯಾಪಾರಿ ಕಟ್ಟಿಸಿದ್ದು.

ನಾನು ಜನಗಣತಿ ಡ್ಯೂಟಿಗೆ ಹೋಗುತ್ತಿದ್ದಾಗ ನಿನ್ನನ್ನೂ ಒಮ್ಮೆ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ? ನೀನು ಬಾಗಿಲ ಮೇಲೆ ನಂಬರು ಬರೆಯುತ್ತಿದ್ದೆ. ಬೀಗ ಹಾಕಿದ ಮನೆ ಸಿಕ್ಕರೆ ನನಗೆ ಬೇಜಾರು. ಕೇರೋದ ಕಮರ್ಷಿಯಲ್ ಅವೆನ್ಯೂನಲ್ಲಿ ನಡೆಯುವಾಗ ನನ್ನ ಕಣ್ಣು ತಾನಾಗಿಯೇ ಎಣಿಸುತ್ತಿತ್ತು. ಬೀಗ, ಬೀಗ, ಹಲಗೆ ಹೊಡೆದದ್ದು, ಛಾವಣಿಯೇ ಇಲ್ಲದ್ದು, ಬರೀ ಹುಲ್ಲು. 1920ರ ಜನಗಣತಿಯಲ್ಲಿ ಅಲ್ಲಿ 15,203 ಜನ ಇದ್ದರು. 2020ರಲ್ಲಿ 1,733.

ಯಾಕೆ ಅಂದರೆ ಎಲ್ಲರೂ ಹೇಳುವ ಉತ್ತರ ಒಂದಿದೆ. 1889ರಲ್ಲಿ ಓಹಾಯೋ ಮೇಲೆ ರೈಲು ಸೇತುವೆ ಆಯಿತು. ಅಲ್ಲಿಯವರೆಗೆ ಬೋಗಿಗಳನ್ನೇ ದೋಣಿಗೆ ಏರಿಸಿ ದಾಟಿಸಬೇಕಿತ್ತು. ಆಮೇಲೆ ಲಾರಿಗಳು ಬಂದವು, ರಸ್ತೆ ಸೇತುವೆ ಬಂತು, ಕೊನೆಗೆ ದೊಡ್ಡ ಹೆದ್ದಾರಿ ಊರನ್ನು ಬಳಸಿಕೊಂಡು ಹೋಯಿತು. ಇಳಿಯುವವರಿಲ್ಲದ ಮೇಲೆ ಹೋಟೆಲ್ ಯಾಕೆ, ಅಂಗಡಿ ಯಾಕೆ? ಇದು ನಿಜವೇ. ಆದರೆ ಸೇತುವೆ ಬಂದು ಐವತ್ತು ವರ್ಷವಾದರೂ, 1940ರಲ್ಲಿ, ಊರಲ್ಲಿ 14,407 ಜನ ಇದ್ದರಲ್ಲ? ನನಗೆ ಆ ಉತ್ತರ ಸಾಲದು.

ಅಲ್ಲೊಂದು ಈಜುಕೊಳ ಇತ್ತು. ಬಿಳಿಯರಿಗೆ ಮಾತ್ರ. ಕೇಳಿದರೆ ಇದು ಖಾಸಗಿ ಕ್ಲಬ್ಬು ಅನ್ನುತ್ತಿದ್ದರು. ಕಪ್ಪು ಮಕ್ಕಳು ಸೆಕೆಗೆ ನದಿಗೇ ಇಳಿಯಬೇಕಿತ್ತು. 1962ರಲ್ಲಿ ಹುಡುಗ ಹುಡುಗಿಯರು ಆ ಕೊಳದ ಎದುರು ಮಂಡಿಯೂರಿ ಪ್ರಾರ್ಥನೆಗೆ ಕೂತರು. ಆಮೇಲೆ ದೊಡ್ಡ ನಾಯಕರಾದ ಜಾನ್ ಲೂಯಿಸ್ ಅವರಲ್ಲೊಬ್ಬರು, ಆಗಿನ್ನೂ 22ರ ಹುಡುಗ. ಆ ಫೋಟೋ ಇದೆ, ನೋಡು. ಕೊನೆಗೆ ಊರಿನವರು ಏನು ಮಾಡಿದರು ಗೊತ್ತಾ? ಎಲ್ಲರನ್ನೂ ಬಿಡುವ ಬದಲು ಕೊಳವನ್ನೇ ಮುಚ್ಚಿದರು. ಆಮೇಲೆ ಕಾಂಕ್ರೀಟ್ ಸುರಿದು ತುಂಬಿಸಿಬಿಟ್ಟರು.

ಇದನ್ನು ಓದಿದಾಗ ನಾನು ಪುಸ್ತಕ ಮಡಚಿ ಸ್ವಲ್ಪ ಹೊತ್ತು ಹೊರಗೆ ಕೂತೆ. ನಾನು ಚಿಕ್ಕವಳಿದ್ದಾಗ ನಮ್ಮಜ್ಜನ ಊರಲ್ಲಿ ಒಂದು ಸೇದುವ ಬಾವಿ ಇತ್ತು. ಯಾರೋ ಆಫೀಸರು ಬಂದು, ಕೇರಿಯವರೂ ಇಲ್ಲೇ ಸೇದಲಿ ಅಂತ ಹೇಳಿ ಹೋದರು. ಯಾರೂ ಎದುರು ಮಾತಾಡಲಿಲ್ಲ. ಆದರೆ ಮುಂದಿನ ಬೇಸಿಗೆ ರಜಕ್ಕೆ ಹೋದಾಗ ಬಾವಿಗೆ ಚಪ್ಪಡಿ ಎಳೆದಿದ್ದರು. ಉಳ್ಳವರು ತಮ್ಮ ತಮ್ಮ ಹಿತ್ತಲಲ್ಲಿ ಬಾವಿ ತೋಡಿಕೊಂಡಿದ್ದರು. ನಮ್ಮಜ್ಜನೂ ಅವರಲ್ಲೊಬ್ಬ. ಆ ನೀರು ಕುಡಿದೇ ನಾನು ರಜ ಕಳೆದಿದ್ದು.

ಕೇರೋದಲ್ಲಿ ಅಷ್ಟಕ್ಕೇ ಮುಗಿಯಲಿಲ್ಲ. 1967ರಲ್ಲಿ ರಜದ ಮೇಲೆ ಬಂದಿದ್ದ 19 ವರ್ಷದ ಕಪ್ಪು ಸೈನಿಕ ಪೊಲೀಸ್ ಠಾಣೆಯಲ್ಲಿ ನೇಣಿನಲ್ಲಿ ಸಿಕ್ಕಿದ. ಪೊಲೀಸರು ಆತ್ಮಹತ್ಯೆ ಅಂದರು, ಕಪ್ಪುಜನ ನಂಬಲಿಲ್ಲ. ಊರು ಹೊತ್ತಿ ಉರಿಯಿತು. 1909ರಲ್ಲಿ ಸಾವಿರಾರು ಜನ ಸೇರಿ ಒಬ್ಬ ಕಪ್ಪು ಮನುಷ್ಯನನ್ನು ನಡುಬೀದಿಯಲ್ಲಿ ಕೊಂದಿದ್ದ ಊರು ಅದು, ಹೇಗೆ ನಂಬುತ್ತಾರೆ ಹೇಳು. 1969ರಲ್ಲಿ ಅವರು, ನಮ್ಮ ದುಡ್ಡು ಬೇಕು, ಕೆಲಸಕ್ಕೆ ಮಾತ್ರ ನಾವು ಬೇಡವಾ ಅಂತ ಬಿಳಿಯರ ಅಂಗಡಿಗಳಿಗೆ ಹೋಗುವುದನ್ನೇ ಬಿಟ್ಟರು. ಒಬ್ಬ ಕಪ್ಪು ಹುಡುಗಿಯನ್ನು ಗಲ್ಲಾದ ಹಿಂದೆ ಕೂರಿಸಿದ್ದರೆ ಆಗುತ್ತಿತ್ತು. ಅದರ ಬದಲು ಒಬ್ಬೊಬ್ಬರೇ ಷಟರ್ ಎಳೆದು ಊರು ಬಿಟ್ಟರು. 1960ರಲ್ಲಿ 9,348 ಇದ್ದ ಜನ 1970ಕ್ಕೆ 6,277. ಕಮರ್ಷಿಯಲ್ ಅವೆನ್ಯೂನಲ್ಲಿ ನಾವು ನೋಡಿದ ಬೀಗಗಳಲ್ಲಿ ಹಲವು ಆಗ ಬಿದ್ದವು. ಸೇತುವೆ ಹಾಕಿದ ಬೀಗ ಅಲ್ಲ.

ಊರು ಖಾಲಿಯಾದದ್ದು ನೀರಿನಿಂದಂತೂ ಅಲ್ಲ, ಅದೇ ವಿಚಿತ್ರ. ಊರೊಳಗೆ ಹೋಗುವಾಗ ರೈಲು ಹಳಿಯ ಕೆಳಗೆ ಒಂದು ದೊಡ್ಡ ಉಕ್ಕಿನ ಬಾಗಿಲು ಮೇಲೆ ನೇತಾಡುತ್ತಿತ್ತು, ನೀನು ಗಮನಿಸಲಿಲ್ಲ. ಪ್ರವಾಹ ಬಂದರೆ ಅದನ್ನು ಇಳಿಸಿ ರಸ್ತೆಯನ್ನೇ ಮುಚ್ಚಬಹುದು. 2011ರ ಮೇ ತಿಂಗಳಲ್ಲಿ ನೀರು 61 ಅಡಿ ದಾಟಿತು. ಗೋಡೆ ತಡೆಯುವುದು 64 ಅಡಿಯವರೆಗೆ. ಆಗ ಸೈನ್ಯದ ಎಂಜಿನಿಯರುಗಳು ಎದುರು ದಡದ ಮಿಸ್ಸೂರಿಯಲ್ಲಿ ಏರಿಗೆ ಸಿಡಿಮದ್ದು ಇಟ್ಟು ಒಡೆದು 1,30,000 ಎಕರೆ ಹೊಲಕ್ಕೆ ನೀರು ಬಿಟ್ಟರು. ಅದಕ್ಕೆ ಮುಂಚೆ ಅಲ್ಲಿನ ಒಬ್ಬ ರಾಜಕಾರಣಿ, ಮುಳುಗಿದರೆ ಕೇರೋನೇ ಮುಳುಗಲಿ, ನೀವು ಆ ಊರು ನೋಡಿದ್ದೀರಾ ಅನ್ನುವ ಧಾಟಿಯಲ್ಲಿ ಮಾತಾಡಿ ಆಮೇಲೆ ಕ್ಷಮೆ ಕೇಳಿದರು. ಬೆಳೆ ಕಳೆದುಕೊಂಡ ರೈತರ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಆ ಮಾತು ಓದಿದಾಗ "ಇಲ್ಲೇನೂ ಇಲ್ಲಮ್ಮ" ಅಂದ ನಿನ್ನ ದನಿ ಕೇಳಿದ ಹಾಗಾಯಿತು. ಕೋಪ ಮಾಡಿಕೋಬೇಡ.

ಹಾಗೆ ಉಳಿಸಿಕೊಂಡ ಊರನ್ನು ಆಮೇಲೆ ನೋಡಿಕೊಂಡರಾ? ಅದೂ ಇಲ್ಲ. ಇದ್ದ ಒಂದು ದಿನಸಿ ಅಂಗಡಿ 2015ರಲ್ಲಿ ಮುಚ್ಚಿತು. ದುರಸ್ತಿ ಕಾಣದೆ ಹಾಳಾದ ಎರಡು ಸರ್ಕಾರಿ ವಸತಿ ಬ್ಲಾಕುಗಳನ್ನು ಖಾಲಿ ಮಾಡಿಸಲು 2017ರಲ್ಲಿ ತೀರ್ಮಾನಿಸಿದರು. ಸುಮಾರು 400 ಜನ, ಮಕ್ಕಳು ಮರಿ ಸಮೇತ, ಗಂಟು ಮೂಟೆ ಕಟ್ಟಿದರು. 2023ರಲ್ಲಿ ಊರಿನವರೇ ಸೇರಿ ಸಹಕಾರಿ ಅಂಗಡಿಯೊಂದನ್ನು ಶುರು ಮಾಡಿದರು. ಇಷ್ಟೆಲ್ಲ ಆದ ಮೇಲೂ ಉಳಿದವರು ಆ 1,733 ಜನ. ಬಂಕಿನ ಹೆಂಗಸೂ ಅವರಲ್ಲೊಬ್ಬಳು ಇರಬಹುದು.

ಅಂದ ಹಾಗೆ, ನೀನು ಕಾರು ತಿರುಗಿಸುವಷ್ಟರಲ್ಲಿ ನಾನು ಎರಡೂ ಕಡೆ ಇಳಿದು ಒಂದೊಂದು ಬಾಟ್ಲಿ ನೀರು ತುಂಬಿಕೊಂಡಿದ್ದೆ. ತೀರ್ಥ ಅಂತ ಅಲ್ಲ, ಅಭ್ಯಾಸ. ವಿಮಾನದಲ್ಲಿ ಬಿಡಲ್ಲ ಅಂತ ನಿನ್ನಪ್ಪ ಗಲಾಟೆ ಮಾಡಿದ್ದಕ್ಕೆ ನಿನ್ನ ಅಡುಗೆಮನೆ ಕಪಾಟಿನಲ್ಲಿ, ಅಕ್ಕಿ ಡಬ್ಬಿ ಹಿಂದೆ ಇಟ್ಟು ಬಂದಿದ್ದೇನೆ. ಇಷ್ಟು ಹೊತ್ತಿಗೆ ಮಣ್ಣು ತಳಕ್ಕೆ ಕೂತಿರುತ್ತದೆ. ಮಿಸಿಸಿಪ್ಪಿಯದರಲ್ಲಿ ಜಾಸ್ತಿ ಇರಬೇಕು, ನೋಡಿ ಫೋಟೋ ಕಳಿಸು. ಕುಡಿಯಬೇಡ ಮಾರಾಯ್ತಿ, ಆ ಕರಿಬೇವಿನ ಗಿಡಕ್ಕೆ ಹಾಕು.

ನಿನ್ನ
ಅಮ್ಮ