ನೆಪ ಅಂದೆಯಲ್ಲ

ಪ್ರೀತಿಯ ಪುಟ್ಟಿಗೆ, ಅತ್ತೆಯ ಆಶೀರ್ವಾದಗಳು.

ಊರಿನ ಸುದ್ದಿಯೆಲ್ಲ ನಿನ್ನಮ್ಮ ಹೇಳಿರುತ್ತಾಳೆ. ನಿನ್ನ ಪತ್ರದ ಒಂದು ಮಾತು ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. "ಎಡಿಎಚ್‌ಡಿ, ಅಂದರೆ ಗಮನ ಹಿಡಿತಕ್ಕೆ ಸಿಗದ ತೊಂದರೆ, ಅಂತ ಡಾಕ್ಟರು ಹೇಳಿದರು ಅತ್ತೆ. ಆದರೆ ನಾನು ನಿಜವಾಗಿ ಸೋಮಾರಿಯೇ ಇದ್ದು, ಈಗೊಂದು ನೆಪ ಹುಡುಕಿಕೊಂಡೆನಾ?"

ಸೋಮಾರಿಗೆ ಸುಖ ಇರುತ್ತದೆ ಪುಟ್ಟಿ. ಕೆಲಸ ಬಿಟ್ಟು ಮಲಗಿದರೆ ಅವನಿಗೆ ನಿದ್ದೆ ಬರುತ್ತದೆ. ನೀನು ಹತ್ತು ನಿಮಿಷದ ಫಾರಂ ಒಂದನ್ನು ತುಂಬಲಾಗದೆ ರಾತ್ರಿ ಎರಡರವರೆಗೆ ಅದರ ಮುಂದೆ ಕಣ್ಣೀರು ಹಾಕಿದವಳು.

12 ವರ್ಷಕ್ಕೆ ಮುಂಚೆಯೂ ಹೀಗಿತ್ತಾ ಎಂದು ಡಾಕ್ಟರು ಕೇಳಿದ್ದು ಸುಮ್ನೆ ಅಲ್ಲ. ಇದು ದೊಡ್ಡವರಾದ ಮೇಲೆ ಹೊಸದಾಗಿ ಹತ್ತಿಕೊಳ್ಳುವುದಲ್ಲವಂತೆ. ಅಟ್ಟದ ಟ್ರಂಕಿನಲ್ಲಿ ನಿನ್ನ ನಾಲ್ಕನೇ ಕ್ಲಾಸಿನ ಪ್ರೋಗ್ರೆಸ್ ಕಾರ್ಡ್ ಸಿಕ್ಕಿತು. "ಜಾಣೆ. ಗಮನ ಸಾಲದು." ಐದನೆಯದರಲ್ಲೂ ಅದೇ, ಕೈಬರಹ ಮಾತ್ರ ಬೇರೆ. ಆ ವಯಸ್ಸಿನ ಮಗು ನೆಪ ಹೂಡುತ್ತಿತ್ತಾ? ಗಲಾಟೆ ಮಾಡುವ ಹುಡುಗರು ಬೇಗ ಕಣ್ಣಿಗೆ ಬೀಳುತ್ತಾರೆ. ಕಿಟಕಿ ನೋಡುತ್ತ ಕೂತ ಹುಡುಗಿಯನ್ನು ಯಾರೂ ವಿಚಾರಿಸುವುದಿಲ್ಲ.

ನಿನ್ನ ಅನುಮಾನ ಎಲ್ಲಿಂದ ಬಂತೆಂದು ನನಗೆ ಗೊತ್ತು. ಇಷ್ಟದ ಕೆಲಸಕ್ಕೆ ಆರು ಗಂಟೆ ಅಲುಗದೆ ಕೂರುವವಳಿಗೆ ಲೈಟ್ ಬಿಲ್ ಕಟ್ಟಲು ಏನು ಕಷ್ಟ, ಅಲ್ವಾ? ಈ ತೊಂದರೆ ಇರುವುದೇ ಹಾಗೆ. ಗಮನ ಇರುತ್ತದೆ, ಬೇಕಾದ ಕಡೆ ತಿರುಗಿಸಲು ಆಗುವುದಿಲ್ಲ.

ನನ್ನನ್ನೂ ಹೀಗೇ ಕೇಳುತ್ತಿದ್ದರು. ಊಟ ಮರೆತು ಕಸೂತಿ ಹಾಕುತ್ತಿದ್ದೆ. ಒಲೆಯ ಮೇಲಿನ ಹಾಲೂ ಮರೆತುಹೋಗುತ್ತಿತ್ತು. ಶಿವಮೊಗ್ಗದಲ್ಲಿ ಬಿ.ಎ. ಎರಡನೇ ವರ್ಷಕ್ಕೇ ನಿಂತಿತು. ಪಾಠ ಅರ್ಥವಾಗದೆ ಅಲ್ಲ, ಪರೀಕ್ಷೆ ಫೀ ಕಟ್ಟುವ ತಾರೀಕು ದಾಟಿಹೋಗಿತ್ತು. ಅಪ್ಪಯ್ಯ "ಮೈಗಳ್ಳಿ" ಅಂದರು. ಹೌದೆಂದುಕೊಂಡೆ. ಮರುವರ್ಷ ಕಟ್ಟಬಹುದಿತ್ತು. ಮೈಗಳ್ಳಿಗೇಕೆ ಓದು ಅಂತ ಆ ಕಡೆ ತಲೆ ಹಾಕಲಿಲ್ಲ. ಆ ಸಂಕಟ ಇನ್ನೂ ಹೋಗಿಲ್ಲ. ಇದು ವಂಶದಲ್ಲಿ ಬರುವುದು ಜಾಸ್ತಿಯಂತೆ. ನನಗೂ ಇತ್ತೋ ಏನೋ, ಈ ವಯಸ್ಸಲ್ಲಿ ತೋರಿಸಿಕೊಳ್ಳುವ ಉಮೇದಿಲ್ಲ. ಆಗ ಯಾರಾದರೂ ನನಗೆ ನಿನ್ನ ಈ "ನೆಪ" ಕೊಟ್ಟಿದ್ದರೆ ಡಿಗ್ರಿ ಮುಗಿಯುತ್ತಿತ್ತೇನೋ.

ಬುದ್ಧಿ ಹೇಳಲು ನಾನೇನು ಡಾಕ್ಟರಲ್ಲ. ಅನುಮಾನ ಹೋಗದಿದ್ದರೆ ನಿಮ್ಹಾನ್ಸ್‌ನಲ್ಲಿ ಇನ್ನೊಮ್ಮೆ ತೋರಿಸು, ನಿನ್ನ ಬೆಂಗಳೂರಲ್ಲೇ ಇದೆಯಲ್ಲ. ಮಾತ್ರೆ ಕೊಟ್ಟರೆ ಹಸಿವು ಕಡಿಮೆಯಾಗಬಹುದು, ಬೆಳಿಗ್ಗೆ ತಿಂಡಿ ಬಿಡಬೇಡ. ಬಿಪಿಯೂ ನೋಡಿಸುತ್ತಿರು. ಆಫೀಸಿನಲ್ಲಿ ಹೇಳುವ ಮುಂಚೆ ಸ್ವಲ್ಪ ಯೋಚಿಸು. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 21 ಬಗೆಗಳಲ್ಲಿ ಆಟಿಸಂ ಇದೆ, ಕಲಿಕೆಯ ತೊಂದರೆ ಇದೆ, ನಿನ್ನದರ ಹೆಸರಿಲ್ಲ; ಆ ಕಾಯ್ದೆಯ ಆಸರೆ ಇದೆಯೆಂದು ನಂಬಿ ಹೇಳುವಂತಿಲ್ಲ. ಹೇಳಲೇಬೇಡ ಅನ್ನುತ್ತಿಲ್ಲ. ಅಲ್ಲಿನವರು ಎಂಥವರೋ ನಿನಗೇ ಗೊತ್ತು.

ಮತ್ತೆ ಅದೇ ಮಾತಿಗೆ ಬರುತ್ತೇನೆ, ಬೈಯಬೇಡ. ನೆಪ ಹುಡುಕುವವರು ಅದು ನೆಪವಾಗಿಬಿಟ್ಟೀತು ಎಂದು ಇಷ್ಟು ಹೆದರುವುದಿಲ್ಲ.

ಬಿಲ್ಲು, ಫಾರಂ ಇದ್ದ ದಿನ ನನಗೆ ಫೋನ್ ಮಾಡಿ ಪಕ್ಕದಲ್ಲಿಟ್ಟುಕೋ. ಮಾತಾಡಬೇಕಿಲ್ಲ. ಜೊತೆಗೆ ಒಬ್ಬರಿದ್ದರೆ ಕೈ ಓಡುತ್ತದೆ. ನಾನೂ ಇಲ್ಲಿ ಅಡಿಕೆ ಆರಿಸುತ್ತಿರುತ್ತೇನೆ. ಏಳು ಗಂಟೆಯ ಮೇಲೆ ಮಾಡು, ಅದಕ್ಕೂ ಮುಂಚೆ ಇಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ.

ಇತಿ,
ನಿನ್ನ ಅತ್ತೆ