ಚಿಕಿತ್ಸೆ ದಂಪತಿಗಳಿಬ್ಬರಿಗೂ ಆಗಲಿ

ಮಾನ್ಯ ಸಂಪಾದಕರೇ,

ಪ್ರತಿ ವರ್ಷ ಡಿಸೆಂಬರ್ 1ರ ವಿಶ್ವ ಏಡ್ಸ್ ದಿನದಂದು ಜಾಥಾ, ಪ್ರತಿಜ್ಞೆ, ಭಾಷಣಗಳ ವರದಿ ಎಲ್ಲ ಪತ್ರಿಕೆಗಳಲ್ಲೂ ಬರುತ್ತದೆ. ಎಚ್‌ಐವಿ ತಡೆಗಾಗಿ ನಮ್ಮ ರಾಜ್ಯದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ನಡೆದಿರುವ ಕೆಲಸ ದೊಡ್ಡದು ಎಂಬುದರಲ್ಲಿ ಅನುಮಾನವಿಲ್ಲ. ಆದರೆ ಎಚ್‌ಐವಿಯಂತೆಯೇ ಲೈಂಗಿಕ ಸಂಪರ್ಕದಿಂದ ಹರಡುವ ಸಿಫಿಲಿಸ್, ಗೊನೋರಿಯಾ, ಕ್ಲಮಿಡಿಯಾ, ಟ್ರೈಕೊಮೋನಿಯಾಸಿಸ್ ಸೋಂಕುಗಳ ಬಗ್ಗೆ ಮಾತನಾಡುವವರು ತೀರಾ ವಿರಳ. ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜಿನಂತೆ 2020ರ ಒಂದೇ ವರ್ಷದಲ್ಲಿ ಜಗತ್ತಿನಾದ್ಯಂತ 15ರಿಂದ 49 ವರ್ಷದೊಳಗಿನವರಲ್ಲಿ ಈ ನಾಲ್ಕು ಸೋಂಕುಗಳ 37.4 ಕೋಟಿ ಹೊಸ ಪ್ರಕರಣಗಳಾಗಿವೆ. ನಾಲ್ಕೂ ಸರಿಯಾದ ಮಾತ್ರೆ ಅಥವಾ ಚುಚ್ಚುಮದ್ದಿನಿಂದ ಗುಣವಾಗುವಂಥವು. ಹೀಗಿದ್ದೂ ಅವು ಮನೆಗಳಲ್ಲಿ ವರ್ಷಗಟ್ಟಲೆ ಉಳಿದುಕೊಳ್ಳುವುದಕ್ಕೆ ಮುಖ್ಯ ಕಾರಣ, ಚಿಕಿತ್ಸೆ ದಂಪತಿಗಳಲ್ಲಿ ಒಬ್ಬರಿಗೆ ಮಾತ್ರ ಸಿಗುತ್ತಿರುವುದು ಎಂದು ನನ್ನ ಸೇವಾವಧಿಯ ಅನುಭವದಿಂದ ಹೇಳಬಲ್ಲೆ.

ಸರ್ಕಾರಿ ಆಸ್ಪತ್ರೆಯ ಸ್ತ್ರೀರೋಗ ವಿಭಾಗದಲ್ಲಿ ಬಹುಕಾಲ ಕೆಲಸ ಮಾಡಿದವಳು ನಾನು. ಬಿಳಿಸೆರಗು, ಕಿಬ್ಬೊಟ್ಟೆ ನೋವು, ಉರಿಮೂತ್ರ ಎಂದು ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಅದಕ್ಕೂ ಮೊದಲು ಉಷ್ಣವಾಗಿದೆಯೆಂದು ಎಳನೀರು, ಬಾರ್ಲಿ ನೀರು, ಜೀರಿಗೆ ಕಷಾಯ ಕುಡಿದು ತಿಂಗಳುಗಳನ್ನು ಕಳೆದಿರುತ್ತಾರೆ. ಬಿಳಿಸೆರಗೆಲ್ಲವೂ ಲೈಂಗಿಕ ಸೋಂಕಲ್ಲ, ಎಷ್ಟೋ ಸಲ ಅದು ದೇಹದ ಸಹಜ ಕ್ರಿಯೆಯಾಗಿರುತ್ತದೆ. ಆದ್ದರಿಂದ ಯಾರೂ ತಮ್ಮನ್ನೋ ಸಂಗಾತಿಯನ್ನೋ ತಾವಾಗಿಯೇ ಶಂಕಿಸಿಕೊಳ್ಳಬೇಕಿಲ್ಲ. ಆದರೆ ಪರೀಕ್ಷಿಸಿದ ವೈದ್ಯರು ಲೈಂಗಿಕ ಸೋಂಕೆಂದು ಔಷಧ ಬರೆದು, ಯಜಮಾನರನ್ನೂ ಕರೆದುಕೊಂಡು ಬನ್ನಿ ಎಂದಾಗ ಬರುತ್ತಿದ್ದ ಉತ್ತರ ಬಹುತೇಕ ಒಂದೇ: “ಅವ್ರಿಗೇನೂ ಆಗಿಲ್ರೀ ಸಿಸ್ಟರ್, ಅವ್ರು ಇಲ್ಲಿಗೆಲ್ಲಾ ಬರಂಗಿಲ್ರೀ.” ಆಕೆ ಗುಣವಾಗಿ ಮನೆಗೆ ಹೋಗುತ್ತಿದ್ದಳು, ಕೆಲವು ತಿಂಗಳಲ್ಲಿ ಅದೇ ತೊಂದರೆ ಹೊತ್ತು ಮತ್ತೆ ಬರುತ್ತಿದ್ದಳು. ಔಷಧ ಹತ್ತಲಿಲ್ಲವೆಂದು ಮನೆಯವರು ಆಸ್ಪತ್ರೆಯನ್ನು ದೂರುತ್ತಿದ್ದರೇ ಹೊರತು ಗಂಡನ ಪರೀಕ್ಷೆಯ ಮಾತು ಎತ್ತುತ್ತಿರಲಿಲ್ಲ.

ಏನೂ ಆಗಿಲ್ಲ ಎಂಬ ಆ ಮಾತನ್ನು ಸುಳ್ಳೆಂದು ಕರೆಯಲಾರೆ. ಈ ಸೋಂಕುಗಳು ಹಲವರಲ್ಲಿ ಯಾವ ಲಕ್ಷಣವನ್ನೂ ತೋರುವುದಿಲ್ಲ, ತೋರದೆಯೇ ಸಂಗಾತಿಗೆ ದಾಟುತ್ತವೆ. ಸಿಫಿಲಿಸ್‌ನ ಮೊದಲ ಹುಣ್ಣಿಗೆ ಸಾಮಾನ್ಯವಾಗಿ ನೋವೇ ಇರುವುದಿಲ್ಲ. ಕೆಲವು ವಾರಗಳಲ್ಲಿ ಅದು ತಾನಾಗಿ ಮಾಯುವುದರಿಂದ ರೋಗ ಹೋಯಿತೆಂದು ಭಾವಿಸುತ್ತಾರೆ, ರೋಗಾಣು ಮಾತ್ರ ರಕ್ತದಲ್ಲಿ ಉಳಿದಿರುತ್ತದೆ. ಆರಂಭದ ಹಂತದಲ್ಲಿ 24 ಲಕ್ಷ ಯೂನಿಟ್‌ನ ಬೆಂಜಥೀನ್ ಪೆನ್ಸಿಲಿನ್ ಒಂದು ಸಲ ಕೊಟ್ಟರೆ ವಾಸಿಯಾಗುವ ಈ ಕಾಯಿಲೆ, ಚಿಕಿತ್ಸೆಯಿಲ್ಲದೆ ಗರ್ಭಿಣಿಯಲ್ಲಿ ಉಳಿದರೆ ಗರ್ಭಪಾತಕ್ಕೂ, ಮಗು ಹೊಟ್ಟೆಯಲ್ಲೇ ಸಾಯುವುದಕ್ಕೂ ಕಾರಣವಾಗಬಲ್ಲದು. ತಾಯಿ ಕಾರ್ಡ್ ಮಾಡಿಸಿದಾಗ ಎಚ್‌ಐವಿ ಜೊತೆಗೆ ಸಿಫಿಲಿಸ್ ಪರೀಕ್ಷೆಯನ್ನೂ ಮಾಡುವುದು ಇದಕ್ಕಾಗಿಯೇ. ಅದನ್ನು ಯಾರೂ ತಪ್ಪಿಸಿಕೊಳ್ಳಬಾರದು. ಕ್ಲಮಿಡಿಯಾ, ಗೊನೋರಿಯಾಗಳು ಸದ್ದಿಲ್ಲದೆ ಗರ್ಭನಾಳಗಳಿಗೆ ಹಾನಿ ಮಾಡಿ ಸಂತಾನಹೀನತೆಯನ್ನು ತರಬಲ್ಲವು. ಆಗ ಬಂಜೆ ಎಂಬ ನಿಂದೆ ಹೊರುವವಳು ಹೆಂಡತಿ. ಆ ಸೋಂಕು ಗಂಡನಿಂದ ಬಂದಿರಬಹುದೆಂಬ ಮಾತನ್ನು ಕುಟುಂಬದಲ್ಲಿ ಯಾರೂ ಆಡುವುದಿಲ್ಲ. ಇದು ನನ್ನನ್ನು ಈಗಲೂ ಬಹಳ ನೋಯಿಸುತ್ತದೆ.

ಕಾಂಡೋಮ್ ವಿಷಯವನ್ನೂ ಸಂಕೋಚವಿಲ್ಲದೆ ಹೇಳಬೇಕಾಗಿದೆ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ರಾಜ್ಯದ ವಿವಾಹಿತ ಮಹಿಳೆಯರಲ್ಲಿ ಅರ್ಧಕ್ಕಿಂತ ಹೆಚ್ಚಿನವರು ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು. ಆಪರೇಷನ್ ಆದ ಮೇಲೆ ಕಾಂಡೋಮ್ ಯಾಕೆ ಬೇಕು ಎಂಬುದು ಸಾಮಾನ್ಯವಾಗಿ ಕೇಳಿಬರುವ ಪ್ರಶ್ನೆ. ಆ ಶಸ್ತ್ರಚಿಕಿತ್ಸೆ ಗರ್ಭ ನಿಲ್ಲುವುದನ್ನು ತಡೆಯುತ್ತದೆ, ಸೋಂಕನ್ನು ತಡೆಯುವುದಿಲ್ಲ. ಸರ್ಕಾರ ಉಚಿತವಾಗಿ ಹಂಚುವ ನಿರೋಧ್ ನಮ್ಮದೇ ಬೆಳಗಾವಿ ಜಿಲ್ಲೆಯ ಕಣಗಲಾದಲ್ಲಿರುವ, ಕೇಂದ್ರ ಸರ್ಕಾರಿ ಸ್ವಾಮ್ಯದ ಎಚ್‌ಎಲ್‌ಎಲ್ ಕಂಪನಿಯ ಕಾರ್ಖಾನೆಯಲ್ಲೂ ತಯಾರಾಗುತ್ತದೆ. ಅದನ್ನು ಕೇಳಿ ಪಡೆಯುವುದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಬಳಸುವಾಗ ಪೊಟ್ಟಣದ ಮೇಲಿನ ಅವಧಿ ನೋಡಬೇಕು, ಪ್ರತಿ ಸಲ ಹೊಸದನ್ನು ಸಂಪರ್ಕದ ಆರಂಭದಿಂದ ಕೊನೆಯವರೆಗೂ ಧರಿಸಬೇಕು. ಲ್ಯಾಟೆಕ್ಸ್ ಕಾಂಡೋಮಿಗೆ ಕೊಬ್ಬರಿ ಎಣ್ಣೆ ಹಚ್ಚುವ ರೂಢಿ ನಮ್ಮಲ್ಲಿದೆ, ಎಣ್ಣೆ ತಾಗಿದರೆ ಅದು ಸಡಿಲಗೊಂಡು ಹರಿಯುತ್ತದೆ. ಬೇಕಿದ್ದರೆ ಔಷಧದಂಗಡಿಯಲ್ಲಿ ಸಿಗುವ, ನೀರಿನಂಶದ ಜೆಲ್ ಬಳಸಬಹುದು. ಗುಪ್ತಾಂಗದಲ್ಲಿ ನೀರ್ಗುಳ್ಳೆ ತರುವ ಹರ್ಪಿಸ್, ಎಚ್‌ಪಿವಿ ಎಂಬ ವೈರಸ್ ಸೋಂಕುಗಳು ಚರ್ಮದ ಸ್ಪರ್ಶದಿಂದಲೂ ಹರಡುವುದರಿಂದ ಕಾಂಡೋಮ್ ಅವುಗಳ ಅಪಾಯವನ್ನು ತಗ್ಗಿಸಬಲ್ಲದೇ ಹೊರತು ಪೂರ್ತಿ ತಡೆಯಲಾರದು. ಗರ್ಭಕಂಠದ ಕ್ಯಾನ್ಸರಿಗೆ ಕಾರಣವಾಗುವ ಎಚ್‌ಪಿವಿಗೂ, ಹೆಪಟೈಟಿಸ್ ಬಿ ಸೋಂಕಿಗೂ ಲಸಿಕೆಗಳಿವೆ.

ಇನ್ನು ಚಿಕಿತ್ಸೆ ಎಲ್ಲಿ ಸಿಗುತ್ತದೆ ಎಂಬ ಪ್ರಶ್ನೆ. ಜಿಲ್ಲಾ ಆಸ್ಪತ್ರೆಗಳಲ್ಲಿ ಸುರಕ್ಷಾ ಕ್ಲಿನಿಕ್ ಎಂಬ ವಿಭಾಗವಿದ್ದು, ಅಲ್ಲಿ ಆಪ್ತಸಮಾಲೋಚಕರು ಏಕಾಂತದಲ್ಲಿ ಮಾತನಾಡಿಸುತ್ತಾರೆ, ವೈದ್ಯರು ಪರೀಕ್ಷಿಸುತ್ತಾರೆ, ಲಕ್ಷಣಕ್ಕೆ ತಕ್ಕಂತೆ ಬೂದು, ಹಸಿರು, ಬಿಳಿ ಎಂದು ಬಣ್ಣದಿಂದ ಗುರುತಿಸಿದ ಪೊಟ್ಟಣಗಳಲ್ಲಿ ಔಷಧವನ್ನು ಉಚಿತವಾಗಿ ಕೊಡುತ್ತಾರೆ, ಸಂಗಾತಿಯ ಚಿಕಿತ್ಸೆಯನ್ನೂ ನೋಡಿಕೊಳ್ಳುತ್ತಾರೆ. ಇಬ್ಬರ ಚಿಕಿತ್ಸೆಯೂ ಮುಗಿದು ವೈದ್ಯರು ಹೇಳಿದಷ್ಟು ದಿನ, ಸಾಮಾನ್ಯವಾಗಿ ಒಂದು ವಾರ, ಸಂಪರ್ಕದಿಂದ ದೂರವಿರಬೇಕು. ಎಚ್‌ಐವಿ ಪರೀಕ್ಷೆಯಾದರೆ ವ್ಯಕ್ತಿಯ ಒಪ್ಪಿಗೆಯನ್ನೂ ಗೋಪ್ಯತೆಯನ್ನೂ 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯೇ ಕಡ್ಡಾಯಗೊಳಿಸಿದೆ. ಆಸ್ಪತ್ರೆಗೆ ಬರಲು ಧೈರ್ಯ ಸಾಲದವರು ಶುಲ್ಕರಹಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ ಹೆಸರು ಹೇಳದೆಯೇ ವಿಚಾರಿಸಬಹುದು.

ಇಷ್ಟೆಲ್ಲ ಇದ್ದೂ ಗಂಡಸರು ಹೋಗುವುದು ಔಷಧದಂಗಡಿಗೆ, ಇಲ್ಲವೇ ಬಸ್ ನಿಲ್ದಾಣದ ಗೋಡೆಯ ಮೇಲೆ ಗುಪ್ತರೋಗಕ್ಕೆ ಖಚಿತ ಚಿಕಿತ್ಸೆ ಎಂದು ಬರೆಸಿಕೊಂಡವರ ಬಳಿಗೆ. ಅಂಗಡಿಯಲ್ಲಿ ಕೇಳಿ ಪಡೆದ ಆಂಟಿಬಯೋಟಿಕ್ ಅನ್ನು ಉರಿ ಕಡಿಮೆಯಾದ ಕೂಡಲೇ ನಿಲ್ಲಿಸುವುದರಿಂದ ಸೋಂಕು ಉಳಿಯುತ್ತದೆ. ಗೊನೋರಿಯಾದ ರೋಗಾಣು ಈಗಾಗಲೇ ಹಲವು ಔಷಧಗಳಿಗೆ ಬಗ್ಗದಂತಾಗಿರುವಾಗ ಈ ಅಭ್ಯಾಸ ಎಲ್ಲರಿಗೂ ಅಪಾಯ ತರುವಂಥದ್ದು. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತುಗಳನ್ನು ನಿಷೇಧಿಸುವ 1954ರ ಕಾಯ್ದೆಯ ಅನುಸೂಚಿಯಲ್ಲಿ ಸಿಫಿಲಿಸ್, ಗೊನೋರಿಯಾ ಮುಂತಾದ ಲೈಂಗಿಕ ರೋಗಗಳೂ ಸೇರಿವೆ. ಅವನ್ನು ಗುಣಪಡಿಸುವುದಾಗಿ ಔಷಧದ ಜಾಹೀರಾತು ನೀಡುವುದು ಅಪರಾಧವೆಂದು ಎಪ್ಪತ್ತು ವರ್ಷಗಳ ಹಿಂದೆಯೇ ಕಾನೂನು ಹೇಳಿದ್ದರೂ ಅಂಥ ಬರಹಗಳು ಗೋಡೆಗಳ ಮೇಲೂ, ಪತ್ರಿಕೆಗಳ ವರ್ಗೀಕೃತ ಜಾಹೀರಾತಿನ ಅಂಕಣಗಳಲ್ಲೂ ಕಾಣಿಸಿಕೊಳ್ಳುತ್ತಿವೆ. ಜಿಲ್ಲಾಡಳಿತಗಳು ಗೋಡೆಬರಹಗಳನ್ನು ಅಳಿಸಿ, ಬರೆಸಿದವರ ಮೇಲೆ ಪ್ರಕರಣ ದಾಖಲಿಸಬೇಕು. ಪತ್ರಿಕೆಗಳು ಅಂಥ ಜಾಹೀರಾತನ್ನು ಸ್ವೀಕರಿಸಬಾರದು.

ತಮ್ಮಲ್ಲಿ ನನ್ನ ವಿನಂತಿ ಇಷ್ಟೇ: ವಿದ್ಯುತ್ ವ್ಯತ್ಯಯದ ಪ್ರಕಟಣೆಗೆ ಕೊಡುವಷ್ಟು ಜಾಗವನ್ನು ಜಿಲ್ಲಾ ಪುಟದಲ್ಲಿ ತಿಂಗಳಿಗೊಮ್ಮೆ ಕೊಟ್ಟು, ಆಯಾ ಜಿಲ್ಲೆಯ ಸುರಕ್ಷಾ ಕ್ಲಿನಿಕ್ ಯಾವ ಆಸ್ಪತ್ರೆಯ ಯಾವ ಕೊಠಡಿಯಲ್ಲಿದೆ, ಎಷ್ಟು ಗಂಟೆಯವರೆಗೆ ತೆರೆದಿರುತ್ತದೆ ಎಂಬುದನ್ನು ಪ್ರಕಟಿಸಿ, ಗಂಡ ಹೆಂಡತಿ ಇಬ್ಬರೂ ಒಟ್ಟಿಗೆ ಬರಬೇಕೆಂದು ಅದರಲ್ಲಿ ಸ್ಪಷ್ಟವಾಗಿ ನಮೂದಿಸಿ.

– ನಿವೃತ್ತ ಶುಶ್ರೂಷಾಧಿಕಾರಿ, ರಾಣೆಬೆನ್ನೂರು