ಅಲ್ಲಿ ಏನೂ ಇಲ್ಲ ಅಂದೆಯಲ್ಲ, ಮಗಳೇ

ಪ್ರೀತಿಯ ಮಗಳಿಗೆ,

ಜೈಸಲ್ಮೇರಿನ ಸೋಲಾರ್ ಸೈಟಿನಿಂದ ನೀನು ಕಳಿಸಿದ ಫೋಟೋಗಳನ್ನು ನೋಡಿದೆ. "ಮರಳು, ನಾಲ್ಕು ಕುರುಚಲು ಗಿಡ, ಬೇರೇನೂ ಇಲ್ಲಮ್ಮ" ಅಂತ ಬರೆದಿದ್ದೀಯ. ಆ ಮೂಲೆಯಲ್ಲಿ ನಿಂತ ಮರ ಗುರುತು ಸಿಗಲಿಲ್ಲವೇ? ಅದು ಬನ್ನಿ. ದಸರೆಯಲ್ಲಿ ಅಜ್ಜಿಗೆ ಎಲೆ ಕೊಟ್ಟು ಕಾಲಿಗೆ ಬೀಳುತ್ತೀಯಲ್ಲ, ಅದೇ. ಅಲ್ಲಿಯವರು ಖೇಜ್ರಿ ಅನ್ನುತ್ತಾರೆ.

ವರ್ಷಕ್ಕೆ ಸುಮಾರು 200 ಮಿಲಿಮೀಟರ್ ಮಳೆಯ ನೆಲದಲ್ಲಿ, ಉಳಿದದ್ದೆಲ್ಲ ಸೀದುಹೋಗುವ ಕಡುಬೇಸಿಗೆಯಲ್ಲೇ ಈ ಮರ ಚಿಗುರುತ್ತದೆ. ಬೇರು ಅಷ್ಟು ಆಳಕ್ಕೆ ಇಳಿದಿರುತ್ತದೆ. ಸೊಪ್ಪು ಆಡಿಗೆ, ಒಂಟೆಗೆ. ಎಳೆಗಾಯಿ ಒಣಗಿಸಿದರೆ ಮನುಷ್ಯರಿಗೆ ಪಲ್ಯ. ಬುಡದಲ್ಲಿ ಸಜ್ಜೆ ಬಿತ್ತಿದರೂ ಬೆಳೆಗೆ ಕೇಡಿಲ್ಲ. 1730ರಲ್ಲಿ ಜೋಧಪುರದ ಅರಸನ ಆಳುಗಳು ಖೇಜಡ್ಲಿ ಊರಿಗೆ ಕೊಡಲಿ ಹಿಡಿದು ಬಂದಾಗ ಅಮೃತಾದೇವಿ ಎಂಬ ಹೆಣ್ಣುಮಗಳು ಮರ ತಬ್ಬಿ ನಿಂತಳು. ಅವಳೂ ಸೇರಿ ಒಬ್ಬೊಬ್ಬರಾಗಿ ಬಿಷ್ಣೋಯಿ ಪಂಥದ 363 ಮಂದಿ ಪ್ರಾಣ ಕೊಟ್ಟರು. ನಿನ್ನ ಕಂಪನಿಯ ನಕ್ಷೆಯಲ್ಲಿ ಆ ಮರಕ್ಕೊಂದು ಚುಕ್ಕಿಯಾದರೂ ಇದೆಯೇ?

ಅಲ್ಲಿಯ ಜನ ನೀರು ಹಿಡಿದ ಬಗೆ ನನಗೆ ಇನ್ನೂ ಬೆರಗು. ಕಲ್ಲುನೆಲದ ಮೇಲೆ ಬಿದ್ದ ಮಳೆಯೆಲ್ಲ ತಗ್ಗಿಗೆ ಹರಿದು ಬರುವಂತೆ ಮಾಡಿ, ಅಲ್ಲಿ ಉದ್ದಕ್ಕೂ ಒಡ್ಡು ಹಾಕುತ್ತಾರೆ. ಅದೇ ಖಡೀನ್. 15ನೇ ಶತಮಾನದಿಂದಲೂ ಅಲ್ಲಿಯ ಪಾಲಿವಾಲ ಬ್ರಾಹ್ಮಣರು ಹೀಗೆ ಬೇಸಾಯ ಮಾಡಿದರು. ನಿಂತ ನೀರು ಇಂಗಿದ ಮೇಲೆ, ನಮ್ಮ ಎರೆಹೊಲದ ಹಿಂಗಾರಿಯಂತೆ, ಬರೀ ಹಸಿಯ ಮೇಲೆ ಗೋಧಿ, ಕಡಲೆ ಬರುತ್ತದೆ. ಬರಡು ಎಂದು ನಾವು ದಾಟಿ ಹೋಗುವ ತಗ್ಗು ಯಾರದೋ ವರ್ಷದ ಅನ್ನವಾಗಿರಬಹುದು.

ಇನ್ನು ಗೋಡಾವಣ್ ಹಕ್ಕಿ, ಗ್ರೇಟ್ ಇಂಡಿಯನ್ ಬಸ್ಟರ್ಡ್. ಗಂಡು 15 ಕಿಲೋವರೆಗೂ ತೂಗುತ್ತದೆ. ಕಣ್ಣು ತಲೆಯ ಪಕ್ಕಗಳಲ್ಲಿರುವುದರಿಂದ ಎದುರಿನ ಕರೆಂಟು ತಂತಿ ಹತ್ತಿರ ಬರುವ ತನಕ ಕಾಣುವುದಿಲ್ಲ, ಕಂಡಾಗ ಆ ಭಾರದ ಮೈ ಹೊರಳಿಸಲು ಆಗುವುದಿಲ್ಲ. ಸಾಮಾನ್ಯವಾಗಿ ವರ್ಷಕ್ಕೆ ಒಂದೇ ಮೊಟ್ಟೆ, ಅದೂ ಬಯಲು ನೆಲದ ಮೇಲೆ. ಉಳಿದಿರುವುದು ಸುಮಾರು 150. ತಂತಿ ನೆಲದಡಿ ಹಾಕಿ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿ, 2024ರಲ್ಲಿ ಅದನ್ನು ಸಡಿಲಿಸಿ ತಜ್ಞರ ಸಮಿತಿಗೆ ಒಪ್ಪಿಸಿತು. ಬಿಸಿಲಿನ ಕರೆಂಟು ಬೇಡ ಅನ್ನುವವಳಲ್ಲ ನಾನು. ನೀನು ಆ ಕೆಲಸ ಹಿಡಿದಾಗ ಊರಿಗೆಲ್ಲ ಹೇಳಿಕೊಂಡು ಬಂದೆ. ಆದರೆ ಈ ಹಕ್ಕಿ ನೆನೆದರೆ ಹೊಟ್ಟೆ ಉರಿಯುತ್ತದೆ.

ಮುಂದೆ ಲಡಾಖಿನ ಚಾಂಗ್‌ಥಾಂಗಿಗೆ ಕಳಿಸಬಹುದು ಅಂದೆ. ಸ್ವೆಟರಿನ ಮಾತು ಫೋನಿನಲ್ಲಿ ಆಡೋಣ. ಲಡಾಖೂ ಮರುಭೂಮಿಯೇ. ಹಿಮಾಲಯ ಮಳೆಮೋಡಗಳನ್ನು ತಡೆಯುವುದರಿಂದ ಲೇಹ್‌ಗೆ ವರ್ಷಕ್ಕೆ ಸುಮಾರು 100 ಮಿಲಿಮೀಟರ್, ಜೈಸಲ್ಮೇರಿಗಿಂತಲೂ ಕಡಿಮೆ. ಚಾಂಗ್‌ಥಾಂಗ್ ಇರುವುದು 4,000 ಮೀಟರಿಗೂ ಮೇಲೆ. ಅಲ್ಲಿಯ ಕೊರೆಯುವ ಚಳಿಗೆ, ಚಾಂಗ್ಪಾ ಎಂಬ ಅಲೆಮಾರಿ ಪಶುಪಾಲಕರ ಆಡುಗಳಿಗೆ ಒಳಮೈಯಲ್ಲಿ 12ರಿಂದ 15 ಮೈಕ್ರಾನಿನ ನಯವಾದ ಉಣ್ಣೆ ಬೆಳೆಯುತ್ತದೆ. ಪಶ್ಮೀನಾ ಶಾಲು ಅದರಿಂದಲೇ. ಒಂದು ಹುಲ್ಲುಗಾವಲು ಮೇಯಿಸಿ, ಅದನ್ನು ಸುಮ್ಮನೆ ಬಿಟ್ಟು, ಇನ್ನೊಂದಕ್ಕೆ ಗುಡಾರ ಎತ್ತಿಕೊಂಡು ಹೋಗುವುದು ಅವರ ಬದುಕು. ನೀನು ಹೋದ ದಿನ ಖಾಲಿ ಕಂಡ ಬಯಲು ಅವರು ಚಳಿಗಾಲಕ್ಕೆಂದು ಉಳಿಸಿಟ್ಟದ್ದಾಗಿರಬಹುದು. ಅದೇ ಬಯಲಲ್ಲಿ ಕಿಯಾಂಗ್ ಎಂಬ ಕಾಡುಕತ್ತೆಗಳು ಮೇಯುತ್ತವೆ, ಜೌಗಿನಲ್ಲಿ ಕಪ್ಪು ಕೊರಳಿನ ಕೊಕ್ಕರೆ ಮರಿ ಮಾಡುತ್ತದೆ.

ಲೇಹ್ ಸುತ್ತಲ ರೈತರ ಕಷ್ಟ ಬೇರೆ. ಬಾರ್ಲಿ ಬಿತ್ತನೆಗೆ ನೀರು ಬೇಕಾದ ವಸಂತದಲ್ಲಿ ಮೇಲಿನ ಹಿಮ ಇನ್ನೂ ಕರಗಿರುವುದಿಲ್ಲ. ಸಿವಿಲ್ ಎಂಜಿನಿಯರ್ ಚೆವಾಂಗ್ ನೋರ್ಫೆಲ್ ಚಳಿಗಾಲದಲ್ಲಿ ವ್ಯರ್ಥವಾಗುವ ತೊರೆಯ ನೀರನ್ನು ಹೊಲಗಳ ಹತ್ತಿರ, ತಗ್ಗಿನಲ್ಲೇ ಹೆಪ್ಪುಗಟ್ಟಿಸಿದರು. ತಗ್ಗಿನ ಮಂಜುಗಡ್ಡೆ ಬೇಗ ಕರಗಿ ಬಿತ್ತನೆಗೆ ಸಿಗುತ್ತದೆ. ನಿನ್ನದೇ ವೃತ್ತಿಯವರು, ಅವರ ಕೆಲಸ ಓದಿಕೋ.

ಜೈಸಲ್ಮೇರಿನಲ್ಲಿ ಓರಣ್ ಅಂತ ದೇವರ ಹೆಸರಿನಲ್ಲಿ ಬಿಟ್ಟ ಮೇವಿನ ಕಾಡುಗಳಿವೆ. ಕಂದಾಯ ದಾಖಲೆಯಲ್ಲಿ ಎಷ್ಟೋ ಕಡೆ ಅವು ಪಾಳುಭೂಮಿ ಎಂದೇ ಇವೆ. ಹಾಗಾಗಿ ಮುಂದಿನ ಸರ್ವೆಗೆ ಊರಿನ ಒಬ್ಬ ಕುರಿಗಾಹಿಯನ್ನೋ, ವಯಸ್ಸಾದ ಹೆಣ್ಣುಮಗಳನ್ನೋ ಜೊತೆಗೆ ಕರೆದುಕೊಂಡು ಹೋಗು. ದನ ನೀರಿಗೆ ಯಾವ ದಾರಿಯಲ್ಲಿ ಇಳಿಯುತ್ತವೆ, ಓರಣ್ ಎಲ್ಲಿಂದ ಎಲ್ಲಿಯವರೆಗೆ, ಗೋಡಾವಣ್ ಕೊನೆಗೆ ಯಾವಾಗ ಕಂಡಿತ್ತು, ಎಲ್ಲ ಕೇಳು. ಅವರು ಹೇಳಿದ್ದನ್ನು ವರದಿಯಲ್ಲಿ ಬರೆ.

ನಿನ್ನ ಅಮ್ಮ